ಬಿಸಿಲಿನ ಜಿಲ್ಲೆಯಲ್ಲೂ ಮನೆಯಲ್ಲೇ ಕಡ್ಲೆಬೀಜದ ಕ್ರೀಮ್ ತುಂಬಿದ ಚಾಕೊಲೇಟ್ ಬಾರ್: ಅಳತೆ, ಹದ, ಮಾರಾಟದ ನಿಯಮದ ಪೂರ್ತಿ ಮಾಹಿತಿ ಇಲ್ಲಿದೆ

ರಾಮನಗರ: ಹೋಂಮೇಡ್ ಚಾಕೊಲೇಟ್ ಅಂದ್ರೆ ಎಲ್ಲರಿಗೂ ನೆನಪಾಗೋದು ಮಡಿಕೇರಿ, ಊಟಿ. ಟ್ರಿಪ್ ಹೋದವರು ಒಂದೆರಡು ಪ್ಯಾಕೆಟ್ ತರದೇ ಇರಲ್ಲ. ಅಲ್ಲಿ ಚಾಕೊಲೇಟ್ ಚೆನ್ನಾಗಿ ಬರೋದಕ್ಕೆ ಒಂದು ಮುಖ್ಯ ಕಾರಣ ಅಲ್ಲಿನ ತಂಪು ಹವೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆ ಹಾಗಿಲ್ಲ. ಬೇಸಿಗೆಯಲ್ಲಿ ಮಧ್ಯಾಹ್ನದ ಬಿಸಿಲು 35 ಡಿಗ್ರಿ ದಾಟುತ್ತೆ, ಅಡುಗೆಮನೆ ಇನ್ನೂ ಕಾದಿರುತ್ತೆ.

ಬರ್ತ್‌ಡೇ, ದೀಪಾವಳಿ, ರಿಟರ್ನ್ ಗಿಫ್ಟ್ ಅಂತ ಆರ್ಡರ್ ಹಿಡಿದು ಮನೆಯಿಂದಲೇ ನಾಲ್ಕು ಕಾಸು ಸಂಪಾದಿಸೋಣ ಅಂತ ಚಾಕೊಲೇಟ್ ಮಾಡಲು ಹೊರಡುವವರಿಗೆ ಮೊದಲು ಎದುರಾಗೋದೇ ಈ ಸೆಕೆ. ಬಾರ್ ಮೇಲೆ ಬಿಳಿ ಕಲೆ ಬರುತ್ತೆ, ಅಚ್ಚಿನಿಂದ ಬಿಡಲ್ಲ, ಕೈಗೆ ತೆಗೆದುಕೊಂಡ ಕೂಡಲೇ ಅಂಟುತ್ತೆ. ಒಳಗೆ ಕ್ರೀಮ್ ತುಂಬಿದ ಬಾರ್ ಆದ್ರೆ ಎರಡೇ ವಾರದಲ್ಲಿ ಹೊರಗಿನ ಚಿಪ್ಪು ಮೆತ್ತಗಾಗುತ್ತೆ. ದುಬಾರಿ ಸಾಮಾನು, ಒಂದು ದಿನದ ಕೆಲಸ ಎರಡೂ ದಂಡ.

ಇದಕ್ಕೆಲ್ಲ ಕಾರಣ ಮೂರೇ: ಶಾಖ, ನೀರು, ಎಣ್ಣೆ. ಈ ಮೂರನ್ನ ಹಿಡಿತದಲ್ಲಿಟ್ಟರೆ ನಮ್ಮ ಕಡ್ಲೆಬೀಜದಲ್ಲೇ ಒಳ್ಳೆ ಬಾರ್ ಮಾಡಬಹುದು. ಏನೇನು ಬೇಕು, ಹೇಗೆ ಮಾಡಬೇಕು, ಮಾರೋದಾದ್ರೆ ಏನು ನಿಯಮ ಅನ್ನೋದರ ವಿವರ ಇಲ್ಲಿದೆ.

ಏನಿದು ಫಿಲ್ಡ್ ಚಾಕೊಲೇಟ್?

ಹೋಳಿಗೆಗೆ ಕಣಕ, ಹೂರಣ ಇದ್ದ ಹಾಗೆ ಇದಕ್ಕೂ ಎರಡು ಭಾಗ. ಹೊರಗೆ ಗಟ್ಟಿ ಚಾಕೊಲೇಟ್ ಚಿಪ್ಪು, ಒಳಗೆ ಮೆತ್ತನೆಯ ಹೂರಣ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮದಲ್ಲಿ ಇದಕ್ಕೆ ಪ್ರತ್ಯೇಕ ಮಾನದಂಡವೇ ಇದೆ. ಅದರ ಪ್ರಕಾರ ಫಿಲ್ಡ್ ಚಾಕೊಲೇಟ್‌ನ ಒಟ್ಟು ತೂಕದಲ್ಲಿ ಹೊರಗಿನ ಚಾಕೊಲೇಟ್ ಕನಿಷ್ಠ ಶೇ 25 ಇರಬೇಕು. ಇಲ್ಲಿ ಕೊಟ್ಟಿರೋ ಅಳತೆಯಲ್ಲಿ ಅದು ಶೇ 60 ಬರುತ್ತೆ.

ಬೀಜದ ಪೇಸ್ಟ್ ಮತ್ತು ಚಾಕೊಲೇಟ್ ಜೋಡಿ ಹೊಸದೇನಲ್ಲ. ಇಟಲಿಯ ಟುರಿನ್ ನಗರದಲ್ಲಿ 19ನೇ ಶತಮಾನದಲ್ಲೇ ಹೇಜಲ್‌ನಟ್ ಅರೆದು ಚಾಕೊಲೇಟ್‌ಗೆ ಸೇರಿಸುತ್ತಿದ್ದರು. ಕೋಕೋ ದುಬಾರಿ, ಅಲ್ಲೇ ಬೆಳೆಯೋ ಬೀಜ ಅಗ್ಗ ಅನ್ನೋ ಲೆಕ್ಕ. ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ 1912ರಲ್ಲಿ ಚಿಪ್ಪಿನೊಳಗೆ ಹೂರಣ ತುಂಬಿದ ಚಾಕೊಲೇಟ್ ಬಂತು. ಅಮೆರಿಕದಲ್ಲಿ 1928ರಲ್ಲಿ ಬಂದ ರೀಸಸ್ ಕಪ್‌ನಲ್ಲಿ ಇದ್ದದ್ದು ಕಡ್ಲೆಬೀಜದ ಪೇಸ್ಟೇ.

ಹೇಜಲ್‌ನಟ್ ನಮ್ಮಲ್ಲಿಗೆ ಹೊರದೇಶದಿಂದ ಬರಬೇಕು, ಬೆಲೆ ಜಾಸ್ತಿ. ಕಡ್ಲೆಬೀಜ ಯಾವುದೇ ದಿನಸಿ ಅಂಗಡಿಯಲ್ಲಿ ಸಿಗುತ್ತೆ. ಹಾಗಾಗಿ ನಮ್ಮ ಕಡೆ ಇದರಿಂದಲೇ ಶುರು ಮಾಡೋದು ಜಾಣತನ. ಗೋಡಂಬಿ, ಬಾದಾಮಿಯಲ್ಲೂ ಇದೇ ವಿಧಾನದಲ್ಲಿ ಮಾಡಬಹುದು.

ಚಾಕೊಲೇಟ್ ತರುವಾಗ ಲೇಬಲ್ ನೋಡಿ

ಕೇಕ್ ಸಾಮಾನಿನ ಅಂಗಡಿಗಳಲ್ಲಿ ಎರಡು ತರಹದ ಗಡ್ಡೆ ಸಿಗುತ್ತೆ. ನೋಡೋಕೆ ಎರಡೂ ಒಂದೇ ಥರ.

ಮೊದಲನೆಯದು ಕಾಂಪೌಂಡ್. ಇದರಲ್ಲಿ ಕೋಕೋ ಬೆಣ್ಣೆ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತೆ. ಬೆಲೆ ಕಮ್ಮಿ. ಕರಗಿಸಿ ಅಚ್ಚಿಗೆ ಹುಯ್ದರೆ ಸಾಕು, ತಾನೇ ಗಟ್ಟಿಯಾಗುತ್ತೆ. ಆದ್ರೆ ಬಾಯಲ್ಲಿ ಮೇಣದ ಥರ ಅನಿಸುತ್ತೆ.

ಎರಡನೆಯದು ನಿಜವಾದ ಚಾಕೊಲೇಟ್. ಇದರಲ್ಲಿರೋದು ಕೋಕೋ ಬೆಣ್ಣೆ. ಕೋಕೋ ಬೆಣ್ಣೆ ಅಂಶ ಜಾಸ್ತಿ ಇರೋದನ್ನ ಕೂವರ್ಚರ್ ಅಂತಾರೆ. ಸುಮಾರು 34 ಡಿಗ್ರಿಗೆ ಕರಗೋದರಿಂದ ಬಾಯಿಗಿಟ್ಟ ಕೂಡಲೇ ನೀರಾಗುತ್ತೆ. ಆದ್ರೆ ಇದನ್ನ ಸುಮ್ಮನೆ ಕರಗಿಸಿ ಹುಯ್ದರೆ ಆಗಲ್ಲ, ಹದ ಮಾಡಲೇಬೇಕು.

ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಚಾಕೊಲೇಟ್‌ನಲ್ಲಿ ಕೋಕೋ ಬೆಣ್ಣೆ ಬಿಟ್ಟು ಬೇರೆ ಸಸ್ಯಜನ್ಯ ಕೊಬ್ಬು ಶೇ 5 ಮೀರುವಂತಿಲ್ಲ. ಹಾಗಾಗಿ ಕಾಂಪೌಂಡ್‌ನಲ್ಲಿ ಮಾಡಿದ್ದನ್ನ ಚಾಕೊಲೇಟ್ ಅಂತ ಬರೆದು ಮಾರೋ ಹಾಗಿಲ್ಲ. ಎರಡನ್ನೂ ಬೆರೆಸಿ ಕರಗಿಸೋದೂ ಬೇಡ. ಎರಡು ಕೊಬ್ಬುಗಳು ಹೊಂದಿಕೊಳ್ಳದೆ ಬಾರ್ ಬೇಗ ಬೆಳ್ಳಗಾಗುತ್ತೆ.

ಕೋಕೋ ನಮ್ಮ ರಾಜ್ಯದಲ್ಲೂ ಬೆಳೆಯುತ್ತೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಇದು ಉಪಬೆಳೆ. ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಶುರುವಾದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಮೇಲೆ ಕೋಕೋ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಸ್ವಂತ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ರೈತರೇ ಸೇರಿ ಕಟ್ಟಿದ ಈ ಕಾರ್ಖಾನೆಯ ಬಾರ್‌ಗಳನ್ನ ತಿಂದು ಬೆಳೆದವರು ರಾಜ್ಯದಲ್ಲಿ ಬಹಳ ಜನ ಇದ್ದಾರೆ.

ಬೇಕಾಗೋ ಸಾಮಾನು (50 ಗ್ರಾಂನ 8 ಬಾರ್‌ಗೆ)

ಚಿಪ್ಪಿಗೆ:
- ಡಾರ್ಕ್ ಅಥವಾ ಮಿಲ್ಕ್ ಚಾಕೊಲೇಟ್ (ಕಾಂಪೌಂಡ್ ಅಲ್ಲದ್ದು) – 400 ಗ್ರಾಂ. ಇದರಲ್ಲಿ 240 ಗ್ರಾಂನಷ್ಟು ಬಾರ್‌ಗೆ ಹೋಗುತ್ತೆ. ಉಳಿದದ್ದನ್ನ ಮತ್ತೆ ಬಳಸಬಹುದು.

ಹೂರಣಕ್ಕೆ:
- ಹುರಿದು ಸಿಪ್ಪೆ ತೆಗೆದ ಕಡ್ಲೆಬೀಜ – 100 ಗ್ರಾಂ
- ಸಕ್ಕರೆ ಪುಡಿ – 35 ಗ್ರಾಂ
- ಹಾಲಿನ ಪುಡಿ – 15 ಗ್ರಾಂ
- ಕರಗಿಸಿದ ಚಾಕೊಲೇಟ್ – 50 ಗ್ರಾಂ
- ಉಪ್ಪು – ಒಂದು ಚಿಟಿಕೆ

ಸಲಕರಣೆ:
- ಚಾಕೊಲೇಟ್ ಬಾರ್ ಅಚ್ಚು. ಗಟ್ಟಿ ಪ್ಲಾಸ್ಟಿಕ್‌ನ ಪಾಲಿಕಾರ್ಬನೇಟ್ ಅಚ್ಚಿನಲ್ಲಿ ಹೊಳಪು ಚೆನ್ನಾಗಿ ಬರುತ್ತೆ. ಸಿಲಿಕಾನ್ ಅಚ್ಚೂ ಆಗುತ್ತೆ.
- ಗ್ರಾಂ ತೋರಿಸೋ ಡಿಜಿಟಲ್ ತಕ್ಕಡಿ
- ಅಡುಗೆ ಥರ್ಮಾಮೀಟರ್. ಜ್ವರ ನೋಡೋ ಥರ್ಮಾಮೀಟರ್ ಇದಕ್ಕೆ ಬರಲ್ಲ, ಅದು 35 ಡಿಗ್ರಿಗಿಂತ ಕೆಳಗೆ ತೋರಿಸಲ್ಲ.
- ಮಿಕ್ಸಿಯ ಚಟ್ನಿ ಜಾರ್, ಪೂರ್ತಿ ಒಣಗಿದ್ದು

ಜಾಗ, ಸಮಯ ಯಾವುದು ಸರಿ?

ರೇಷ್ಮೆ ಹುಳು ಸಾಕೋ ಮನೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಹುಳು ಮನೆಯಲ್ಲಿ ಶಾಖ, ತೇವ ಎರಡನ್ನೂ ಅಳೆದು ನೋಡಿಕೊಳ್ಳೋದು ನಮ್ಮ ಕಡೆ ದಿನನಿತ್ಯದ ಕೆಲಸ. ಅಲ್ಲಿ ಸುಮಾರು 24ರಿಂದ 28 ಡಿಗ್ರಿ ಶಾಖ, ಶೇ 70ರ ಮೇಲೆ ತೇವ ಇರಬೇಕು. ಚಾಕೊಲೇಟ್‌ಗೆ ಬೇಕಾದ್ದು ಇದಕ್ಕೆ ಉಲ್ಟಾ. ಕೋಣೆ 20ರಿಂದ 22 ಡಿಗ್ರಿ ಇರಬೇಕು, ತೇವ ಶೇ 50ರ ಆಸುಪಾಸು ಇದ್ದರೆ ಒಳ್ಳೇದು. ಹುಳು ಮನೆಗೆ ಬಳಸೋ ಒಣ ಮತ್ತು ಒದ್ದೆ ಬಲ್ಬಿನ ಥರ್ಮಾಮೀಟರ್ ಮನೆಯಲ್ಲಿದ್ದರೆ ಕೋಣೆಯ ಹವೆ ನೋಡೋಕೆ ಅದೇ ಸಾಕು.

ನಮ್ಮ ತಾಲೂಕುಗಳಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ಏಸಿ ಇಲ್ಲದೇನೂ ಮಾಡಬಹುದು. ಮಾರ್ಚ್‌ನಿಂದ ಮೇ ತನಕ ಏಸಿ ಇರೋ ಕೋಣೆ ಬೇಕೇ ಬೇಕು. ಮಳೆಗಾಲದಲ್ಲಿ ಶಾಖಕ್ಕಿಂತ ತೇವದ ಕಾಟ ಜಾಸ್ತಿ. ಒಲೆ ಉರಿಯುತ್ತಿರೋ ಅಡುಗೆಮನೆಯಲ್ಲಿ, ಕುಕ್ಕರ್ ಹಬೆ ಆಡೋ ಹೊತ್ತಲ್ಲಿ ಯಾವ ಕಾಲದಲ್ಲೂ ಅಚ್ಚು ಹುಯ್ಯೋದು ಬೇಡ.

ಹಂತ 1: ಕಡ್ಲೆಬೀಜ ಆರಿಸೋದು

ಈ ಹಂತವನ್ನ ಯಾರೂ ಬಿಡಬಾರದು. ತೇವದಲ್ಲಿ ಇಟ್ಟ ಕಡ್ಲೆಬೀಜಕ್ಕೆ ಬೂಸ್ಟು ಹಿಡಿದಾಗ ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರುವ ಅಪಾಯ ಇದೆ. ಇದು ಲಿವರ್‌ಗೆ ಹಾನಿ ಮಾಡುತ್ತೆ, ಕ್ಯಾನ್ಸರ್‌ಗೂ ಕಾರಣವಾಗುತ್ತೆ. 1960ರಲ್ಲಿ ಇಂಗ್ಲೆಂಡ್‌ನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಕಡ್ಲೆಕಾಯಿ ಹಿಂಡಿಯೇ ಕಾರಣ ಅಂತ ಹುಡುಕಿದಾಗಲೇ ಈ ವಿಷ ಪತ್ತೆಯಾಗಿದ್ದು.

ಮನೆಯಲ್ಲಿ ಹುರಿದರೂ ಈ ವಿಷ ಪೂರ್ತಿ ಹೋಗಲ್ಲ. ಪೇಸ್ಟ್ ಮಾಡಿದ ಮೇಲೆ ಕೆಟ್ಟ ಬೀಜ ಕಣ್ಣಿಗೂ ಕಾಣಲ್ಲ. ಅದಕ್ಕೇ ಮೊದಲೇ ಮೊರದಲ್ಲಿ ಹರಡಿ ಸುಕ್ಕಾದದ್ದು, ಕಪ್ಪಾದದ್ದು, ಬೂಸ್ಟು ಹಿಡಿದದ್ದು, ಮುರಿದದ್ದು ಎಲ್ಲ ತೆಗೆಯಬೇಕು. ತಿಂದು ನೋಡಿ ಕಹಿ ಅನಿಸಿದ ಬೀಜ ಇರೋ ಚೀಲದ್ದನ್ನ ಬಳಸೋದೇ ಬೇಡ.

ಹಂತ 2: ಹೂರಣ

ಕ್ರೀಮ್ ಅನ್ನೋ ಹೆಸರು ಕೇಳಿ ಹಾಲಿನ ಕೆನೆ ಹಾಕಬಾರದು. ಇಲ್ಲಿ ಕ್ರೀಮ್ ಅಂದ್ರೆ ನುಣ್ಣಗೆ ಅರೆದ ಬೀಜದ ಪೇಸ್ಟ್ ಅಷ್ಟೇ. ಹಾಲು, ಕೆನೆ, ಜೇನುತುಪ್ಪ, ಬೆಲ್ಲ ಎಲ್ಲದರಲ್ಲೂ ನೀರಿನ ಅಂಶ ಇರುತ್ತೆ. ಕೆನೆ ಹಾಕಿದ ಹೂರಣ ಕೆಲವೇ ದಿನದಲ್ಲಿ ಕೆಡುತ್ತೆ. ನೀರಿಲ್ಲದ ಬೀಜದ ಪೇಸ್ಟ್ ವಾರಗಟ್ಟಲೆ ಇರುತ್ತೆ. ಮಾರೋದಕ್ಕೆ ಮಾಡುವವರು ಇದನ್ನ ಮರೆಯೋ ಹಾಗೇ ಇಲ್ಲ.

1. ಕಡ್ಲೆಬೀಜವನ್ನ ಸಣ್ಣ ಉರಿಯಲ್ಲಿ 8ರಿಂದ 10 ನಿಮಿಷ ಕೈಯಾಡಿಸುತ್ತಾ ಹುರಿಯಬೇಕು. ಒಳಗಿನ ಬೇಳೆ ಹೊಂಬಣ್ಣ ಆಗಬೇಕು, ಸೀಯಬಾರದು. ಆರಿದ ಮೇಲೆ ಉಜ್ಜಿ, ಕೇರಿ ಸಿಪ್ಪೆ ತೆಗೆಯಬೇಕು.

2. ಮಿಕ್ಸಿ ಒಂದು ನಿಮಿಷ ಓಡಿಸಿ ಒಂದು ನಿಮಿಷ ನಿಲ್ಲಿಸಬೇಕು. ಮೊದಲು ಪುಡಿ, ಆಮೇಲೆ ಮುದ್ದೆ, ಕೊನೆಗೆ ಎಣ್ಣೆ ಬಿಟ್ಟು ಚಮಚದಿಂದ ಜಾರೋ ಪೇಸ್ಟ್ ಆಗುತ್ತೆ. ಮುದ್ದೆ ಆದಾಗ ಅವಸರಕ್ಕೆ ನೀರು ಹಾಕಿದ್ರೆ ಅಲ್ಲಿಗೆ ಮುಗೀತು. ತಾಳ್ಮೆಯಿಂದ ಬದಿ ಕೆರೆದು ಮತ್ತೆ ಓಡಿಸಬೇಕು.

3. ಸಕ್ಕರೆ, ಹಾಲಿನ ಪುಡಿ ಎರಡನ್ನೂ ಬೇರೆಯಾಗಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು, ಉಪ್ಪಿನ ಜೊತೆ ಪೇಸ್ಟ್‌ಗೆ ಸೇರಿಸಿ ಇನ್ನೊಮ್ಮೆ ತಿರುಗಿಸಬೇಕು.

4. ಕರಗಿಸಿದ 50 ಗ್ರಾಂ ಚಾಕೊಲೇಟ್ ಕಲಸಿ ಪಕ್ಕಕ್ಕಿಡಬೇಕು. ತುಂಬೋ ಹೊತ್ತಿಗೆ ಹೂರಣ 26ರಿಂದ 28 ಡಿಗ್ರಿಗೆ ಇಳಿದಿರಬೇಕು.

ಹೂರಣಕ್ಕೆ ಚಾಕೊಲೇಟ್ ಯಾಕೆ ಅಂತ ಕೇಳಬಹುದು. ಕಡ್ಲೆಬೀಜದಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಎಣ್ಣೆಯೇ. ಬರೀ ಪೇಸ್ಟ್ ತುಂಬಿದ್ರೆ ಆ ಎಣ್ಣೆ ನಿಧಾನಕ್ಕೆ ಚಿಪ್ಪಿನೊಳಗೆ ಇಳಿದು ಅಲ್ಲಿನ ಕೋಕೋ ಬೆಣ್ಣೆಯನ್ನ ಮೆತ್ತಗೆ ಮಾಡುತ್ತೆ. ಎರಡು ವಾರ ಬಿಟ್ಟು ಬಾರ್ ಬಾಡಿದ ಹಾಗೆ ಕಾಣೋದು ಇದಕ್ಕೇ. ಹೂರಣದಲ್ಲೇ ಸ್ವಲ್ಪ ಚಾಕೊಲೇಟ್ ಇದ್ದರೆ ಅದು ಗಟ್ಟಿಯಾಗಿ ಎಣ್ಣೆಯನ್ನ ಹಿಡಿದಿಟ್ಟುಕೊಳ್ಳುತ್ತೆ. ಬೇಸಿಗೆಯಲ್ಲಿ 50ರ ಬದಲು 70 ಗ್ರಾಂ ಹಾಕಬಹುದು. ತುಪ್ಪ, ಕೊಬ್ಬರಿ ಎಣ್ಣೆ ಸೇರಿಸಿದ್ರೆ ಇನ್ನೂ ಮೆತ್ತಗಾಗುತ್ತೆ, ನಮ್ಮ ಹವೆಗೆ ಅದು ಬೇಡ.

ಹಂತ 3: ಟೆಂಪರಿಂಗ್, ಅಂದ್ರೆ ಹದ ಮಾಡೋದು

ಸಕ್ಕರೆ ಪಾಕದಲ್ಲಿ ಒಂದೆಳೆ, ಎರಡೆಳೆ ಇದ್ದ ಹಾಗೆ ಚಾಕೊಲೇಟ್‌ಗೂ ಒಂದು ಹದ ಇದೆ. ಕೋಕೋ ಬೆಣ್ಣೆ ಗಟ್ಟಿಯಾಗುವಾಗ ಆರು ಬಗೆಯ ಹರಳು ಕಟ್ಟಬಲ್ಲದು. ಅದರಲ್ಲಿ ಐದನೇ ಬಗೆಯದ್ದೇ ನಮಗೆ ಬೇಕಾದ್ದು. ಅದು ಕಟ್ಟಿದ್ರೆ ಬಾರ್ ಹೊಳೆಯುತ್ತೆ, ಮುರಿದಾಗ ಟಕ್ ಅನ್ನುತ್ತೆ, ಅಚ್ಚಿನಿಂದ ತಾನೇ ಬಿಡುತ್ತೆ. ಬೇರೆ ಹರಳು ಕಟ್ಟಿದ್ರೆ ಮೆತ್ತಗೆ, ಮಂಕು.

ಮನೆಯಲ್ಲಿ ಸುಲಭವಾದ್ದು ಬೀಜ ಹಾಕೋ ವಿಧಾನ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದ್ಕೊಳ್ಳಿ. ಅಂಗಡಿಯಿಂದ ತಂದ ಚಾಕೊಲೇಟ್‌ನಲ್ಲಿ ಸರಿಯಾದ ಹರಳು ಮೊದಲೇ ಇರುತ್ತೆ. ಅದನ್ನೇ ಸ್ವಲ್ಪ ಉಳಿಸಿಕೊಂಡು ಕರಗಿದ್ದಕ್ಕೆ ಸೇರಿಸೋದು.

1. 400 ಗ್ರಾಂ ಚಾಕೊಲೇಟ್ ಸಣ್ಣಗೆ ಹೆಚ್ಚಿ 130 ಗ್ರಾಂ ಪಕ್ಕಕ್ಕಿಡಬೇಕು.

2. ಪಾತ್ರೆಯಲ್ಲಿ ಎರಡು ಇಂಚು ನೀರು ಕಾಯಿಸಿ ಒಲೆ ಆರಿಸಬೇಕು. ಅದರ ಮೇಲೆ ನೀರಿಗೆ ತಾಗದ ಹಾಗೆ ಒಣ ಬಟ್ಟಲಿಟ್ಟು 270 ಗ್ರಾಂ ಕರಗಿಸಬೇಕು. ಡಾರ್ಕ್ ಆದ್ರೆ 45ರಿಂದ 50 ಡಿಗ್ರಿ, ಮಿಲ್ಕ್ ಆದ್ರೆ 40ರಿಂದ 45 ಡಿಗ್ರಿ ಸಾಕು. ಇದಕ್ಕಿಂತ ಕಾದರೆ ಸೀಯುತ್ತೆ.

3. ಬಟ್ಟಲು ಕೆಳಗಿಳಿಸಿ ತಳ ಒರೆಸಿ, ಉಳಿಸಿಟ್ಟ 130 ಗ್ರಾಂ ಅನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕುತ್ತಾ ಇರಬೇಕು.

4. ಡಾರ್ಕ್ 31ರಿಂದ 32 ಡಿಗ್ರಿ, ಮಿಲ್ಕ್ 29ರಿಂದ 30 ಡಿಗ್ರಿಗೆ ಇಳಿದಾಗ ಹದ ಬಂದಿರುತ್ತೆ.

ನಮ್ಮ ಬೇಸಿಗೆಯಲ್ಲಿ ಕೋಣೆಯೇ 32 ಡಿಗ್ರಿ ಇದ್ದರೆ ಚಾಕೊಲೇಟ್ 30ಕ್ಕೆ ಇಳಿಯೋದು ಹೇಗೆ? ಏಸಿ ಇಲ್ಲದೆ ಮಾಡಿದ್ದು ಕೆಡೋದು ಇಲ್ಲೇ.

ಹದ ಬಂತಾ ಅಂತ ನೋಡೋಕೆ ಚಾಕುವಿನ ತುದಿ ಅದ್ದಿ ಇಡಬೇಕು. ತಂಪು ಕೋಣೆಯಲ್ಲಿ 5 ನಿಮಿಷದೊಳಗೆ ಗೆರೆ ಇಲ್ಲದೆ ಹೊಳೆಯುತ್ತಾ ಗಟ್ಟಿಯಾದ್ರೆ ಸರಿ. ಇಲ್ಲದಿದ್ರೆ ಇನ್ನೊಂದಿಷ್ಟು ಗಟ್ಟಿ ಚೂರು ಹಾಕಿ ಕಲಕಬೇಕು.

ಕರಗುವಾಗ ನಾಲ್ಕು ಹನಿ ನೀರು ಬಿದ್ದರೂ ಚಾಕೊಲೇಟ್ ಗಂಟು ಗಂಟಾಗಿ ಮುದ್ದೆಯಾಗುತ್ತೆ. ಅದನ್ನ ಬಾರ್‌ಗೆ ಬಳಸೋಕೆ ಬರಲ್ಲ. ಎಸೆಯೋದೂ ಬೇಡ, ಬಿಸಿ ಹಾಲು ಹಾಕಿ ಕಲಸಿದ್ರೆ ಮಕ್ಕಳಿಗೆ ಕುಡಿಯೋಕಾಗುತ್ತೆ.

ಹಂತ 4: ಚಿಪ್ಪು, ಹೂರಣ, ಮುಚ್ಚಳ

1. ಒಣಗಿದ ಅಚ್ಚನ್ನ ಹತ್ತಿಯಿಂದ ಒರೆಸಬೇಕು. ಬೆರಳಿನ ಗುರುತು ಇದ್ದರೆ ಬಾರ್ ಮೇಲೂ ಕಾಣುತ್ತೆ.

2. ಹದವಾದ ಚಾಕೊಲೇಟ್ ಅಚ್ಚಿನ ತುಂಬ ಹುಯ್ದು, ಮೇಜಿಗೆ ಮೆತ್ತಗೆ ತಟ್ಟಿ ಗಾಳಿಗುಳ್ಳೆ ಬಿಡಿಸಬೇಕು. ಅರ್ಧ ನಿಮಿಷ ಬಿಟ್ಟು ಅಚ್ಚನ್ನ ಬಟ್ಟಲ ಮೇಲೆ ಬೋರಲು ಹಾಕಿ ಹೆಚ್ಚಿನದ್ದನ್ನ ಸುರಿಸಬೇಕು. ಒಳಗೆ ಸುಮಾರು 2 ಮಿಲಿಮೀಟರ್ ಪದರ ಉಳಿಯುತ್ತೆ. ಅಂಚನ್ನ ಕೆರೆದು ಸಮ ಮಾಡಬೇಕು.

3. ಮುಟ್ಟಿದ್ರೆ ಅಂಟದಷ್ಟು ಗಟ್ಟಿಯಾಗೋ ತನಕ ಬಿಡಬೇಕು. ಸೆಕೆ ಇದ್ದರೆ 5ರಿಂದ 10 ನಿಮಿಷ ಫ್ರಿಜ್‌ನಲ್ಲಿಡಬಹುದು, ಫ್ರೀಜರ್ ಬೇಡ.

4. ದಪ್ಪ ಪ್ಲಾಸ್ಟಿಕ್ ಕವರಿಗೆ ಹೂರಣ ತುಂಬಿ ಮೂಲೆ ಕತ್ತರಿಸಿ, ಒಂದೊಂದು ಗುಳಿಗೆ ಸುಮಾರು 20 ಗ್ರಾಂ ಹಿಂಡಬೇಕು. ಮೇಲೆ 2 ಮಿಲಿಮೀಟರ್ ಜಾಗ ಬಿಡಲೇಬೇಕು. ಹೂರಣ ಬಿಸಿ ಇದ್ದರೆ ಚಿಪ್ಪು ಒಳಗಿಂದಲೇ ಕರಗುತ್ತೆ.

5. ಹೂರಣ ಸ್ವಲ್ಪ ಬಿಗಿಯಾಗಲು ಅರ್ಧ ಗಂಟೆ ಬಿಟ್ಟು, ಮೇಲೆ ಚಾಕೊಲೇಟ್ ಹುಯ್ದು ಪಟ್ಟಿಯಿಂದ ಎಳೆದು ಮುಚ್ಚಬೇಕು. ಬಟ್ಟಲಿನಲ್ಲಿರೋ ಚಾಕೊಲೇಟ್ ಅಷ್ಟರಲ್ಲಿ ಗಟ್ಟಿಯಾಗಿದ್ದರೆ ಮೆಲ್ಲಗೆ ಬಿಸಿ ಮಾಡಬೇಕು, ಆದ್ರೆ ಡಾರ್ಕ್ 32, ಮಿಲ್ಕ್ 30 ಡಿಗ್ರಿ ದಾಟಬಾರದು. ದಾಟಿದ್ರೆ ಮತ್ತೆ ಮೊದಲಿಂದ ಹದ ಮಾಡಬೇಕು.

6. 15ರಿಂದ 20 ನಿಮಿಷ ಫ್ರಿಜ್‌ನಲ್ಲಿಟ್ಟು ಅಚ್ಚು ಬೋರಲು ಹಾಕಿ ತಟ್ಟಿದ್ರೆ ಬಾರ್ ಬೀಳುತ್ತೆ. ಬೀಳದಿದ್ರೆ ಎಳೆಯಬಾರದು, ಇನ್ನೂ ಹತ್ತು ನಿಮಿಷ ಇಡಬೇಕು.

ಬಿಳಿ ಕಲೆ ಬಂದ್ರೆ ಬೂಸ್ಟಾ?

ಅಲ್ಲ. ಚಾಕೊಲೇಟ್ ಮೇಲಿನ ಬಿಳಿ ಕಲೆ ಎರಡು ಥರ. ಬೆರಳಿಂದ ಉಜ್ಜಿದಾಗ ಜಿಡ್ಡಾಗಿ ಮಾಯವಾದ್ರೆ ಅದು ಮೇಲೆ ಬಂದ ಕೊಬ್ಬು. ಹದ ತಪ್ಪಿದೆ, ಇಲ್ಲವೇ ಬಿಸಿಲು ತಾಗಿದೆ ಅಂತ ಅರ್ಥ. ಮುಟ್ಟಿದ್ರೆ ತರಿತರಿ ಇದ್ದರೆ ಅದು ಸಕ್ಕರೆ. ಫ್ರಿಜ್‌ನಿಂದ ತೆಗೆದ ಬಾರ್ ಮೇಲೆ ಬೆವರು ಕೂತು ಒಣಗಿದಾಗ ಹೀಗಾಗುತ್ತೆ. ಎರಡೂ ತಿನ್ನೋಕೆ ಅಪಾಯ ಇಲ್ಲ, ಮಾರೋಕೆ ಮಾತ್ರ ಆಗಲ್ಲ.

ಬೆವರು ತಪ್ಪಿಸೋಕೆ ಒಂದೇ ದಾರಿ: ಗಾಳಿಯಾಡದ ಡಬ್ಬಿಯಲ್ಲಿಟ್ಟು ಫ್ರಿಜ್‌ಗೆ ಇಡಬೇಕು, ಹೊರಗೆ ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರೋ ತನಕ ಮುಚ್ಚಳ ತೆಗೆಯಬಾರದು. ಹೀಗಿಟ್ಟ ಬಾರ್‌ಗಳನ್ನ ಮೂರು ನಾಲ್ಕು ವಾರದೊಳಗೆ ಮುಗಿಸೋದು ಒಳ್ಳೇದು. ಆಮೇಲೆ ಕಡ್ಲೆಬೀಜದ ಎಣ್ಣೆ ಕಮಟು ಹಿಡಿಯೋಕೆ ಶುರುವಾಗುತ್ತೆ.

ಖರ್ಚಿನ ಲೆಕ್ಕ ಹಾಕೋದು ಹೇಗೆ?

50 ಗ್ರಾಂ ಬಾರ್‌ನಲ್ಲಿ 30 ಗ್ರಾಂ ಚಿಪ್ಪು, 20 ಗ್ರಾಂ ಹೂರಣ. ಹೂರಣದಲ್ಲೂ 5 ಗ್ರಾಂ ಚಾಕೊಲೇಟ್ ಇರೋದರಿಂದ ಬಾರ್‌ಗೆ ಒಟ್ಟು 35 ಗ್ರಾಂ ಚಾಕೊಲೇಟ್, 10 ಗ್ರಾಂ ಕಡ್ಲೆಬೀಜ ಬೀಳುತ್ತೆ. ಅಂದ್ರೆ 1 ಕೆಜಿ ಚಾಕೊಲೇಟ್‌ಗೆ ಲೆಕ್ಕದಲ್ಲಿ 28 ಬಾರ್. ಪಾತ್ರೆಗೆ ಅಂಟಿದ್ದು, ಮುರಿದದ್ದು ಕಳೆದು 25 ಅಂತ ಇಟ್ಟುಕೊಳ್ಳೋದು ಕ್ಷೇಮ.

ಈ 25ರಿಂದ 1 ಕೆಜಿ ಚಾಕೊಲೇಟ್ ಬೆಲೆಯನ್ನ ಭಾಗಿಸಿದ್ರೆ ಬಾರ್‌ನ ಮುಖ್ಯ ಖರ್ಚು ಸಿಗುತ್ತೆ. ಅದಕ್ಕೆ ಹೂರಣ, ಫಾಯಿಲ್, ಕವರ್, ಕರೆಂಟ್, ಮಾಡಿದವರ ಕೂಲಿ ಸೇರಿಸಬೇಕು. ಮನೆಯಲ್ಲಿ ಮಾಡುವವರು ತಮ್ಮ ಕೂಲಿಯನ್ನೇ ಬಿಟ್ಟು ದರ ಹೇಳೋದು ಸಾಮಾನ್ಯ. ಅಲ್ಲೇ ನಷ್ಟ ಶುರುವಾಗೋದು. ಬೇಸಿಗೆಯ ಆರ್ಡರ್‌ಗೆ ಏಸಿ ಕರೆಂಟ್, ಥರ್ಮಾಕೋಲ್ ಡಬ್ಬಿ, ಜೆಲ್ ಐಸ್ ಪ್ಯಾಕ್ ಖರ್ಚೂ ಇದೆ. ಕನಕಪುರದಿಂದ ಬೆಂಗಳೂರಿಗೆ ಮಧ್ಯಾಹ್ನ ಬೈಕ್‌ನಲ್ಲಿ ಬರೀ ಕವರಲ್ಲಿ ಕಳಿಸಿದ ಬಾರ್ ತಲುಪೋ ಹೊತ್ತಿಗೆ ಬಾರ್ ಆಗಿ ಉಳಿದಿರಲ್ಲ. ಮುಂಜಾನೆ ಅಥವಾ ರಾತ್ರಿ ಕಳಿಸೋದು ಉತ್ತಮ.

ಮಾರೋದಾದ್ರೆ ಇದು ಕಡ್ಡಾಯ

- 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಪ್ರಕಾರ ಮನೆಯಲ್ಲೇ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ಅರ್ಜಿಯನ್ನ ಪ್ರಾಧಿಕಾರದ ಫಾಸ್ಕಾಸ್ ಪೋರ್ಟಲ್‌ನಲ್ಲಿ ಹಾಕಬಹುದು.
- ಸಿಗೋ 14 ಅಂಕಿಯ ಸಂಖ್ಯೆ ಲೇಬಲ್ ಮೇಲೆ ಇರಬೇಕು.
- ಲೇಬಲ್‌ನಲ್ಲಿ ಪದಾರ್ಥಗಳ ಪಟ್ಟಿ, ತೂಕ, ತಯಾರಿಸಿದ ದಿನ, ಎಷ್ಟು ದಿನದೊಳಗೆ ಬಳಸಬೇಕು, ತಯಾರಕರ ವಿಳಾಸ, ಬೆಲೆ, ಸಸ್ಯಾಹಾರದ ಹಸಿರು ಗುರುತು ಹಾಕಬೇಕು.
- ಕಡ್ಲೆಬೀಜ, ಹಾಲು ಇದೆ ಅಂತ ಅಲರ್ಜಿ ಎಚ್ಚರಿಕೆ ಬರೆಯಲೇಬೇಕು. ಕಡ್ಲೆಬೀಜದ ಅಲರ್ಜಿ ಇರೋ ಮಗುವಿಗೆ ಸ್ವಲ್ಪ ತಿಂದರೂ ಉಸಿರು ಕಟ್ಟಬಹುದು. ಚಿಪ್ಪಿನೊಳಗೆ ಏನಿದೆ ಅಂತ ಹೊರಗಿಂದ ಗೊತ್ತಾಗಲ್ಲ. ಹಾಗಾಗಿ ಶಾಲೆಯಲ್ಲಿ ಬರ್ತ್‌ಡೇಗೆ ಹಂಚೋಕೆ ಕೊಡುವಾಗ ಬಾಯಲ್ಲೂ ಹೇಳಬೇಕು.

ಸಾಮಾನ್ಯ ಪ್ರಶ್ನೆಗಳು

*ಸಕ್ಕರೆ ಬದಲು ಬೆಲ್ಲ ಹಾಕಬಹುದಾ?* ಅಚ್ಚು ಬೆಲ್ಲ ಬೇಡ, ತೇವ ಇರುತ್ತೆ. ಪೂರ್ತಿ ಒಣಗಿದ ಬೆಲ್ಲದ ಪುಡಿ ಆದ್ರೆ ಸ್ವಲ್ಪವೇ ಮಾಡಿ ನೋಡಬಹುದು.

*ಕಡ್ಲೆಬೀಜದ ಚಿಕ್ಕಿ ಪುಡಿ ಸೇರಿಸಬಹುದಾ?* ಹೂರಣಕ್ಕೆ ಸೇರಿಸಿದ್ರೆ ಕರಂ ಕುರುಂ ಅನ್ನುತ್ತೆ, ರುಚಿನೂ ಚೆನ್ನ. ತೇವ ಎಳೆದುಕೊಳ್ಳದ ಹೊಸ ಚಿಕ್ಕಿಯೇ ಆಗಬೇಕು.

*ಅಂಗಡಿಯ ಪೀನಟ್ ಬಟರ್ ನಡೆಯುತ್ತಾ?* ನಡೆಯುತ್ತೆ. ಅದರಲ್ಲಿ ಮೊದಲೇ ಸಕ್ಕರೆ ಇದ್ದರೆ ಮನೆಯ ಸಕ್ಕರೆ ಕಮ್ಮಿ ಮಾಡಬೇಕು.

*ಹದ ತಪ್ಪಿದ ಬಾರ್ ಏನು ಮಾಡೋದು?* ಹೂರಣ ತುಂಬುವ ಮುಂಚೆ ಆದ್ರೆ ಮತ್ತೆ ಕರಗಿಸಿ ಹದ ಮಾಡಬಹುದು. ತುಂಬಿದ ಮೇಲೆ ಆದ್ರೆ ಮನೆಯವರೇ ತಿಂದು ಮುಗಿಸಬೇಕು.

*ಮೊದಲ ಸಲ ಎಷ್ಟು ಮಾಡಬೇಕು?* ಎಂಟೇ ಬಾರ್ ಸಾಕು. ಎರಡು ಅದೇ ದಿನ, ಎರಡು ವಾರಕ್ಕೆ, ಎರಡು ಎರಡನೇ ವಾರಕ್ಕೆ, ಉಳಿದೆರಡು ತಿಂಗಳಿಗೆ ಮುರಿದು ನೋಡಬೇಕು. ಚಿಪ್ಪು ಎಷ್ಟು ದಿನ ಟಕ್ ಅನ್ನುತ್ತೋ, ಹೂರಣ ಎಷ್ಟು ದಿನ ಕಮಟು ಹಿಡಿಯದೆ ಇರುತ್ತೋ ಅಷ್ಟರೊಳಗಿನ ದಿನಾಂಕವನ್ನೇ ಲೇಬಲ್ ಮೇಲೆ ಹಾಕಬೇಕು. ಆರ್ಡರ್ ಹಿಡಿಯೋದು ಆಮೇಲೆ.